ಅರ್ಧ ಸುತ್ತಿನ ಲೆಕ್ಕ

ಹಳೆ ಕಾರಿನ ಮೂತಿ ಸ್ವಲ್ಪ ತಗ್ಗಿಸುವುದು ಹೇಗೆ ಎಂದು ಕೇಳಿರುವ ಆರು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪದ್ಮಿನಿ, ಮಾರುತಿ 800, ಅಂಬಾಸಿಡರ್ ಮೂರರ ಮುಂದಿನ ಸಸ್ಪೆನ್ಷನ್ನೂ ಬೇರೆ ಬೇರೆ ಬಗೆಯದು. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಮಾಡಲು ಹೋಗಬೇಡಿ.

ಪ್ರಶ್ನೆ: ನನ್ನದು 1987ರ ಪ್ರೀಮಿಯರ್ ಪದ್ಮಿನಿ. ಇಂಜಿನ್, ಬಾಡಿ ಕೆಲಸ ಎಲ್ಲ ಮುಗಿದಿದೆ. ಆದರೆ ಗಾಡಿ ಮೂತಿ ಎತ್ತಿಕೊಂಡು ನಿಂತಂತೆ ಕಾಣುತ್ತದೆ. ಮುಂದೆ ಒಂದೂವರೆ ಇಂಚು ಇಳಿಸಬೇಕೆಂದಿದ್ದೇನೆ. ಗ್ಯಾರೇಜಿನವರು ‘ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿದರೆ ಆಯಿತು’ ಎನ್ನುತ್ತಾರೆ. ಮಾಡಿಸಬಹುದೇ? (ಮೈಸೂರಿನ ಓದುಗರು)

ಒಂದು ಸುತ್ತು ತೆಗೆಸಿದರೆ ಒಂದೂವರೆ ಇಂಚಿಗೆ ನಿಲ್ಲುವುದಿಲ್ಲ, ಎರಡು ಇಂಚು ದಾಟುತ್ತದೆ. ಯಾಕೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇವೆ. ಅದಕ್ಕೆ ಮೊದಲು, ನಿಮ್ಮ ಗಾಡಿಯ ಮೂತಿ ನಿಜಕ್ಕೂ ಎದ್ದಿದೆಯೇ ಅಥವಾ ಹಿಂಭಾಗ ಕುಸಿದಿದೆಯೇ ನೋಡಿಕೊಳ್ಳಿ. ಪದ್ಮಿನಿಗೆ ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಮೂವತ್ತು ನಲವತ್ತು ವರ್ಷ ಭಾರ ಹೊತ್ತ ಪಟ್ಟಿಗಳು ಚಪ್ಪಟೆಯಾಗಿರುತ್ತವೆ. ಹಿಂದಿನ ಸೆಟ್ಟನ್ನು ಕಮಾನು ಹೊಡೆಸಿ ಕೂರಿಸಿದ ಮೇಲೆ ಮುಂದಿನ ಸ್ಪ್ರಿಂಗ್ ಮುಟ್ಟುವ ಅಗತ್ಯವೇ ಬೀಳದ ಗಾಡಿಗಳು ಬೇಕಾದಷ್ಟಿವೆ.

ಇನ್ನೂ ಎರಡು ಕಡೆ ಕಣ್ಣು ಹಾಯಿಸಿ. ಈ ಮೊದಲು ಯಾರೋ ಮುಂದಿನ ಕುಸಿದ ಸ್ಪ್ರಿಂಗನ್ನು ಎತ್ತಲು ಅದರ ತಲೆಯ ಮೇಲೆ ರಬ್ಬರ್ ಬಳೆಯನ್ನೋ ಕಬ್ಬಿಣದ ವಾಷರನ್ನೋ ಪ್ಯಾಕಿಂಗ್ ಕೊಟ್ಟಿರಬಹುದು. ಇದ್ದರೆ ತೆಗೆಯಿರಿ, ಕತ್ತರಿಸದೆಯೇ ಮೂತಿ ಇಳಿಯುತ್ತದೆ. ಎರಡನೆಯದು ಆರ್ಮಿನ, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ತೋಳಿನ, ರಬ್ಬರ್ ಬುಷ್ (ಅದರ ಕೀಲಿನೊಳಗಿನ ರಬ್ಬರ್ ಬಳೆ). ಹೊಸ ಬುಷ್ ಹಾಕುವಾಗ ಗಾಡಿಯನ್ನು ಜಾಕಿನ ಮೇಲಿಟ್ಟು, ಚಕ್ರ ನೇತಾಡುತ್ತಿರುವಾಗಲೇ ನಟ್ ಬಿಗಿದಿದ್ದರೆ ರಬ್ಬರು ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ರಬ್ಬರು ತಿರುಚಿಕೊಂಡು ಮೂತಿಯನ್ನು ಮೇಲಕ್ಕೇ ಹಿಡಿದಿರುತ್ತದೆ, ಕೆಲವೇ ತಿಂಗಳಲ್ಲಿ ಹರಿದೂ ಹೋಗುತ್ತದೆ. ಆ ನಟ್‌ಗಳನ್ನು ಸಡಿಲಿಸಿ, ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಕುಲುಕಿಸಿ, ಆಮೇಲೆ ಬಿಗಿಯಿರಿ. ಬಾಡಿ ಕೆಲಸ ಈಗಷ್ಟೇ ಮುಗಿದಿದೆ ಎಂದಿದ್ದೀರಿ. ಹಾಗಾಗಿ ನಮ್ಮ ಅನುಮಾನ ಹೆಚ್ಚಾಗಿ ಇದರ ಮೇಲೆಯೇ.

ಇಷ್ಟಾದ ಮೇಲೂ ಇಳಿಸಬೇಕೆಂದರೆ ಅಳತೆ ತೆಗೆಯಿರಿ. ಸಮನೆಲ, ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲು. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಗೆ ತಕ್ಕಂತೆ ಆ ಲೆಕ್ಕ ಬದಲಾಗುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಎಂದು ನಾಲ್ಕೂ ಕಡೆ ಬರೆದಿಡಿ. ಎಡಬಲಕ್ಕೆ ಐದಾರು ಮಿಲಿಮೀಟರ್ ವ್ಯತ್ಯಾಸವಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಲೆಕ್ಕ. ಸ್ಪ್ರಿಂಗಿನ ಸುತ್ತುಗಳೆಲ್ಲ ಒಂದೇ ಭಾರ ಹೊರುತ್ತವೆ. ಒಂದು ಸುತ್ತು ಕಡಿಮೆಯಾದರೂ ಉಳಿದ ಪ್ರತಿ ಸುತ್ತಿನ ಮೇಲಿನ ಭಾರ ಹೆಚ್ಚುಕಮ್ಮಿ ಮೊದಲಿನಷ್ಟೇ, ಅದು ಕುಗ್ಗುವುದೂ ಮೊದಲಿನಷ್ಟೇ. ಹಾಗಾಗಿ ಭಾರ ಹೊತ್ತ ಸ್ಪ್ರಿಂಗಿನಲ್ಲಿ ಎರಡು ಸುತ್ತುಗಳ ನಡುವಿನ ಅಂತರ ಎಷ್ಟೋ, ಒಂದು ಸುತ್ತು ಕತ್ತರಿಸಿದಾಗ ಸ್ಪ್ರಿಂಗ್ ಅಷ್ಟೇ ಗಿಡ್ಡವಾಗುತ್ತದೆ. ಗಾಡಿ ಚಕ್ರದ ಮೇಲೆ ನಿಂತಿರುವಾಗ ಕೆಳಗೆ ತೂರಿ, ಒಂದು ತಂತಿಯ ನಡುವಿನಿಂದ ಅದರ ಮೇಲಿನ ಮೂರನೇ ತಂತಿಯ ನಡುವಿನವರೆಗೆ ಅಳೆದು ಮೂರರಿಂದ ಭಾಗಿಸಿ. 90 ಮಿಲಿಮೀಟರ್ ಬಂದರೆ ಒಂದು ಸುತ್ತಿಗೆ 30.

ಸ್ಪ್ರಿಂಗ್ 30 ಇಳಿದರೆ ಗಾಡಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಪದ್ಮಿನಿಯಂಥ ಎರಡು ಆರ್ಮಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್ ಕೂತಿರುವುದು ಆರ್ಮಿನ ನಡುವೆಲ್ಲೋ, ಚಕ್ರ ಇರುವುದು ಅದರ ತುದಿಯಲ್ಲಿ. ಆರ್ಮಿನ ಒಳಗಿನ ಬುಷ್‌ನಿಂದ ಸ್ಪ್ರಿಂಗಿನ ನಡುವಿಗೆ 170 ಮಿಲಿಮೀಟರ್, ಅದೇ ಬುಷ್‌ನಿಂದ ಹೊರತುದಿಯ ಕೀಲಿಗೆ 310 ಎಂದಿಟ್ಟುಕೊಳ್ಳಿ. 170ನ್ನು 310ರಿಂದ ಭಾಗಿಸಿದರೆ 0.55. ಸ್ಪ್ರಿಂಗಿನಲ್ಲಿ ಕಡಿಮೆಯಾದ 30ನ್ನು 0.55ರಿಂದ ಭಾಗಿಸಿದರೆ ಚಕ್ರದಲ್ಲಿ 55 ಮಿಲಿಮೀಟರ್. ಒಂದು ಸುತ್ತಿಗೆ ಎರಡು ಇಂಚು ದಾಟುತ್ತದೆ ಎಂದದ್ದು ಇದಕ್ಕೇ. ನಿಮಗೆ ಬೇಕಾದ ಒಂದೂವರೆ ಇಂಚು ಅಂದರೆ 38 ಮಿಲಿಮೀಟರಿಗೆ ಸ್ಪ್ರಿಂಗಿನಲ್ಲಿ 21 ಸಾಕು, ಅಂದರೆ ಮುಕ್ಕಾಲು ಸುತ್ತಿಗೂ ಕಡಿಮೆ. ಇಲ್ಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಕೊಟ್ಟವು. ನಿಮ್ಮ ಗಾಡಿಯದನ್ನು ಅಳೆದೇ ಹಾಕಿ.

ಬಿಚ್ಚಿ ಬೆಂಚಿನ ಮೇಲಿಟ್ಟ ಸ್ಪ್ರಿಂಗನ್ನು ಅಳೆದು ಕತ್ತರಿಸುವವರು ತಪ್ಪುವುದು ಇಲ್ಲಿಯೇ. ಭಾರವಿಲ್ಲದಾಗ ಅದೇ ಸ್ಪ್ರಿಂಗಿನ ಸುತ್ತಿನ ಅಂತರ 48 ಮಿಲಿಮೀಟರ್ ಇರಬಹುದು. ಅರ್ಧ ಸುತ್ತು ತೆಗೆದಾಗ ಬೆಂಚಿನ ಮೇಲೆ 24 ಗಿಡ್ಡವಾಗಿ ಕಾಣುತ್ತದೆ, ಗಾಡಿಯೊಳಗೆ 15 ಮಾತ್ರ, ಚಕ್ರದಲ್ಲಿ 27. ಮೂರೂ ಬೇರೆ ಬೇರೆ ಅಂಕಿ. ಯಾವುದರ ಮಾತಾಡುತ್ತಿದ್ದೇವೆ ಎಂಬುದು ಮೆಕ್ಯಾನಿಕ್‌ಗೂ ನಿಮಗೂ ಒಂದೇ ಆಗಿರಲಿ.

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ. ಕೆಲಸ ಮಾಡುವ ಸುತ್ತು ಆರು ಇದ್ದದ್ದು ಐದೂವರೆಯಾದರೆ ಶೇಕಡಾ 9, ಐದೂಕಾಲಾದರೆ ಶೇಕಡಾ 14, ಐದಾದರೆ ಶೇಕಡಾ 20. ಗಾಡಿ ತಗ್ಗಿಸಿದಾಗ ಸಸ್ಪೆನ್ಷನ್ ಓಡಾಡುವ ಜಾಗವೂ ಕಡಿಮೆಯಾಗುವುದರಿಂದ ಸ್ವಲ್ಪ ಗಡಸು ಬೇಕೇ ಬೇಕು. ಶೇಕಡಾ 9ರಿಂದ 14ರೊಳಗೆ ಒಳ್ಳೆಯ ಶಾಕಪ್ ಇದ್ದರೆ ಸಂಭಾಳಿಸುತ್ತದೆ. ಶೇಕಡಾ 20ಕ್ಕೆ ಹಳೆ ಶಾಕಪ್ ಸೋಲುತ್ತದೆ, ಗಾಡಿ ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ.

ಕೆಲಸಕ್ಕೆ ಬರೋಣ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಚಕ್ರ, ಶಾಕಪ್, ಆ್ಯಂಟಿ ರೋಲ್ ಬಾರಿನ ಕೊಂಡಿ ಕಳಚಿ. ಬ್ರೇಕಿನ ಹೋಸ್ ಎಳೆದುಕೊಳ್ಳದಂತೆ ಚಕ್ರ ಕೂರುವ ಹಬ್ ಅನ್ನು ತಂತಿಯಿಂದ ಕಟ್ಟಿ. ಸ್ಪ್ರಿಂಗಿಗೆ ಕಂಪ್ರೆಸರ್ (ಸುತ್ತುಗಳನ್ನು ಅದುಮಿ ಹಿಡಿಯುವ ಸಾಧನ) ಹಾಕಿ ಬಿಗಿಯಿರಿ, ಅದರ ಜೊತೆಗೆ ಒಂದು ಗಟ್ಟಿ ಸರಪಳಿಯನ್ನು ಸುತ್ತುಗಳ ಮೂಲಕ ತೂರಿಸಿ ಕ್ರಾಸ್ ಮೆಂಬರಿಗೆ, ಅಂದರೆ ಗಾಡಿಗೆ ಅಡ್ಡಲಾಗಿರುವ ಉಕ್ಕಿನ ತೊಲೆಗೆ, ಸುತ್ತಿ. ಲೋವರ್ ಆರ್ಮಿನ ಕೆಳಗೆ ಜಾಕ್ ಕೊಟ್ಟು, ಕೀಲು ಬಿಡಿಸಿ, ಜಾಕನ್ನು ನಿಧಾನ ಇಳಿಸಿ. ಗಾಡಿಯ ಭಾರ ಹೊತ್ತ ಸ್ಪ್ರಿಂಗೊಂದು ಒಳಗೆ ಹಿಡಿದಿಟ್ಟಿರುವ ಶಕ್ತಿ, 20 ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಅದು ಯಾವ ದಿಕ್ಕಿಗೆ ಹಾರುತ್ತದೋ ಹೇಳಲಾಗದು. ಗಾಡಿಯಲ್ಲಿ ಇದ್ದ ಹಾಗೇ ಗ್ಯಾಸ್ ಕಟರ್ ಹಿಡಿದು ಸುತ್ತು ತುಂಡರಿಸುವ ‘ಹತ್ತು ನಿಮಿಷದ ಕೆಲಸ’ಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಸ್ಪ್ರಿಂಗ್ ಹೊರಬಂದ ಮೇಲೆ ಅದರ ಎರಡೂ ತುದಿ ನೋಡಿ. ಒಂದು ತುದಿಯ ಕೊನೆಯ ಸುತ್ತು ಪಕ್ಕದ ಸುತ್ತಿಗೆ ಒರಗಿ ಚಪ್ಪಟೆಯಾಗಿ ಮುಚ್ಚಿಕೊಂಡಿರಬಹುದು, ಇನ್ನೊಂದು ಮೆಟ್ಟಿಲಿನಂತೆ ಸೀದಾ ಮುಗಿದಿರಬಹುದು. ಸೀದಾ ಮುಗಿದ ಕಡೆ ಕತ್ತರಿಸಬೇಕು. ಆ ತುದಿ ಕೂರುವ ಬಟ್ಟಲಿನಲ್ಲೂ ಓರೆಯಾದ ಮೆಟ್ಟಿಲು ಇರುತ್ತದೆ, ಹೊಸ ತುದಿ ಅದಕ್ಕೆ ಸರಿಯಾಗಿ ತಗಲುತ್ತದೆ. ಎರಡೂ ತುದಿ ಮುಚ್ಚಿಕೊಂಡು ಸಪಾಟಾಗಿದ್ದರೆ ಕತ್ತರಿಸುವ ಯೋಚನೆ ಬಿಡಿ. ಸಪಾಟು ಬಟ್ಟಲಿನಲ್ಲಿ ತೆರೆದ ತುದಿ ಒಂದೇ ಬಿಂದುವಿನ ಮೇಲೆ ನಿಲ್ಲುತ್ತದೆ, ಸ್ಪ್ರಿಂಗ್ ಬಾಗುತ್ತದೆ, ಬಟ್ಟಲು ಸೀಳುತ್ತದೆ. ಅಂಥದ್ದಕ್ಕೆ ಹೊಸ ಸ್ಪ್ರಿಂಗ್ ಸುತ್ತಿಸುವುದೊಂದೇ ದಾರಿ.

ಮೊದಲ ಸಲ ಅರ್ಧ ಸುತ್ತಿಗಿಂತ ಹೆಚ್ಚು ತೆಗೆಯಬೇಡಿ. ತುದಿಯಿಂದ ಅರ್ಧ ಸುತ್ತು ಎಣಿಸಿ ಪೇಂಟರ್ ಟೇಪ್ ಸುತ್ತಿ. ಎರಡೂ ಸ್ಪ್ರಿಂಗನ್ನು ಅಕ್ಕಪಕ್ಕ ನಿಲ್ಲಿಸಿ ಗುರುತು ಒಂದೇ ಕಡೆ ಬಂದಿದೆಯೇ ನೋಡಿ. ನಾಲ್ಕು ಇಂಚಿನ ಗ್ರೈಂಡರಿಗೆ 1 ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್ ಹಾಕಿ, ಗುರುತಿನ ಉಳಿಯುವ ಪಕ್ಕಕ್ಕೆ ಒದ್ದೆ ಬಟ್ಟೆ ಸುತ್ತಿ, ಬಿಟ್ಟು ಬಿಟ್ಟು ಕೊಯ್ಯಿರಿ. ಕೊಯ್ದ ಬಾಯಿಯಲ್ಲಿ ಒಂದೆರಡು ಮಿಲಿಮೀಟರಿನಷ್ಟು ನೀಲಿ ಬಣ್ಣ ಬಂದರೆ ಪರವಾಗಿಲ್ಲ, ಬೆರಳಗಲ ನೀಲಿಯಾದರೆ ಅವಸರ ಮಾಡಿದ್ದೀರಿ. ಕೊನೆಗೆ ಅಂಚನ್ನು ಅರದಿಂದ ಸವರಿ ಮೊಂಡು ಮಾಡಿ, ಕಬ್ಬಿಣ ಕಾಣುವ ಕಡೆಗೆಲ್ಲ ಸತುವಿನ ಪ್ರೈಮರ್ ಹಚ್ಚಿ. ಬಣ್ಣ ಹೋದ ಜಾಗದಲ್ಲಿ ತುಕ್ಕು ಒಂದು ಗುಳಿ ಮಾಡಿದರೆ ಸಾಕು, ಸ್ಪ್ರಿಂಗ್ ಮುರಿಯುವುದು ಅಲ್ಲಿಂದಲೇ.

ಜೋಡಿಸಿ ಇಳಿಸಿದ ತಕ್ಷಣ ಅಳೆದರೆ ಎತ್ತರ ತಪ್ಪಾಗಿ ಬರುತ್ತದೆ. ಜಾಕಿನಿಂದ ಇಳಿದ ಚಕ್ರಗಳು ಒಳಕ್ಕೆ ಕಚ್ಚಿಕೊಂಡು ನಿಂತಿರುತ್ತವೆ. ಗಾಡಿಯನ್ನು ಮೂರು ಮೀಟರ್ ಹಿಂದೆ ಮುಂದೆ ತಳ್ಳಿ, ಮುಂಭಾಗ ಕುಲುಕಿಸಿ, ಬುಷ್‌ಗಳ ನಟ್ಟನ್ನು ಆಗ ಬಿಗಿದು, ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಇನ್ನೂ ಬೇಕೆನಿಸಿದರೆ ಆಗ ಕಾಲು ಸುತ್ತು. ಎರಡು ಸಲ ಬಿಚ್ಚುವ ಕೂಲಿ ಹೋಗುತ್ತದೆ, ನಿಜ. ಆದರೆ ಹೆಚ್ಚು ಕೊಯ್ದರೆ ಹೋಗುವುದು ಸ್ಪ್ರಿಂಗ್.

ಇನ್ನುಳಿದದ್ದು ಬಂಪ್ ಸ್ಟಾಪ್, ಅಂದರೆ ಆರ್ಮ್ ಮೇಲಕ್ಕೆ ಬಂದಾಗ ತಡೆಯುವ ರಬ್ಬರ್ ತುಂಡು. ಗಾಡಿ ಇಳಿದಷ್ಟೂ ಅದರ ಅಂತರ ಕಿರಿದಾಗುತ್ತದೆ. ಮಕ್ಕಳು ಗೊಂಬೆ ಮಾಡುವ ಮೆತ್ತನೆ ಜೇಡಿಯ ಉಂಡೆಯೊಂದನ್ನು ರಬ್ಬರಿನ ತುದಿಗೆ ಅಂಟಿಸಿ, ನಾಲ್ಕು ಜನ ಕೂತು ನಿಮ್ಮ ದಿನದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಉಂಡೆ ಹಾಗೇ ಇದ್ದರೆ ಸರಿ. ರೊಟ್ಟಿಯಂತೆ ತಟ್ಟಿಕೊಂಡಿದ್ದರೆ ಆರ್ಮ್ ಪ್ರತಿ ಗುಂಡಿಗೂ ಬಡಿಯುತ್ತಿದೆ ಎಂದರ್ಥ. ಆಗ ರಬ್ಬರನ್ನು ತುದಿಯಿಂದ ಮೂರನೇ ಒಂದು ಭಾಗದಷ್ಟು ಕೊಯ್ಯಬಹುದು, ಪೂರ್ತಿ ತೆಗೆಯಬಾರದು. ರಬ್ಬರ್ ಇಲ್ಲದಿದ್ದರೆ ಆ ಹೊಡೆತವೆಲ್ಲ ಶಾಕಪ್ಪಿನ ಕಣ್ಣಿಗೆ, ಕ್ರಾಸ್ ಮೆಂಬರಿನ ವೆಲ್ಡಿಂಗಿಗೆ ಹೋಗುತ್ತದೆ.

ಕತ್ತರಿಸುವ ಬದಲು ಹೊಸದನ್ನೇ ಸುತ್ತಿಸುವುದು ನಮ್ಮ ಮಟ್ಟಿಗೆ ಮೇಲು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸ್ಪ್ರಿಂಗ್ ಸುತ್ತಿಕೊಡುವವರಿದ್ದಾರೆ. ‘ಹಳೇದಕ್ಕಿಂತ ಒಂದಿಂಚು ಗಿಡ್ಡ’ ಎಂದಷ್ಟೇ ಹೇಳಿ ಬರಬೇಡಿ. ತಂತಿಯ ದಪ್ಪ (ಬಣ್ಣ ಕೆರೆದು ವರ್ನಿಯರ್‌ನಲ್ಲಿ ಅಳೆದದ್ದು), ಒಳವ್ಯಾಸ, ಒಟ್ಟು ಸುತ್ತು, ಎರಡೂ ತುದಿಯ ಬಗೆ ಬರೆದುಕೊಡಿ. ಇಷ್ಟು ಕಿಲೋ ಭಾರದಲ್ಲಿ ಇಷ್ಟು ಎತ್ತರ ನಿಲ್ಲಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ಮೇಲಿನ ಉದಾಹರಣೆಯಲ್ಲಿ ಚಕ್ರದ ಮೇಲೆ 200 ಕಿಲೋ ಇದ್ದರೆ, ಅದನ್ನು 0.55ರಿಂದ ಭಾಗಿಸಿದಾಗ ಸ್ಪ್ರಿಂಗಿನ ಮೇಲೆ ಸುಮಾರು 364 ಕಿಲೋ. ಈಗ ಅದು 205 ಮಿಲಿಮೀಟರಿನಲ್ಲಿ ನಿಂತಿದ್ದರೆ ಹೊಸದು 184ರಲ್ಲಿ ನಿಲ್ಲಬೇಕು. ತಂತಿಯ ದಪ್ಪ ಅಂದಾಜಿಗೆ ಬರೆಯಬೇಡಿ. ಗಡಸುತನ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 12 ಮಿಲಿಮೀಟರಿನ ಜಾಗಕ್ಕೆ 13 ಬಂದರೆ ಶೇಕಡಾ 38ರಷ್ಟು ಗಡಸು, ಗಾಡಿ ಇಳಿಯುವ ಬದಲು ಏರೀತು. ಸುತ್ತಿದ ಮೇಲೆ ಸ್ಪ್ರಿಂಗನ್ನು ಮೂರು ಸಲ ಪೂರ್ತಿ ಅದುಮಿ ಬಿಟ್ಟು ಉದ್ದ ಅಳೆದು ಕೊಡಲು ಹೇಳಿ. ಕುಸಿಯುವುದಿದ್ದರೆ ಅಲ್ಲೇ ಕುಸಿಯಲಿ.

ಪ್ರಶ್ನೆ: ಎಂಟು ತಿಂಗಳ ಹಿಂದೆ ನಮ್ಮ ಪದ್ಮಿನಿಯ ಮುಂದಿನ ಸ್ಪ್ರಿಂಗ್‌ಗಳನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಕೂರಿಸಿದ್ದರು. ಆಗ ಎತ್ತರ ಸರಿಯಾಗಿತ್ತು. ಈಗ ಬಲಗಡೆ ಇನ್ನೂ ಇಳಿದಿದೆ, ಕಡಿಮೆಯಾಗುತ್ತಲೇ ಇದೆ. ಆ ಒಂದು ಸ್ಪ್ರಿಂಗ್ ಬದಲಿಸಿದರೆ ಸಾಕೇ? (ಹಾಸನದ ಓದುಗರು)

ಎರಡನ್ನೂ ಬದಲಿಸಿ. ಎಡಗಡೆಯದು ಇನ್ನೂ ಕುಸಿದಿಲ್ಲ ಅಷ್ಟೇ. ಸ್ಪ್ರಿಂಗಿನ ಉಕ್ಕಿಗೆ ಹದ ಕೊಡುವಾಗ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಮೃದು ಮಾಡಿರುತ್ತಾರೆ. ಕೆಂಪಗಾಗುವಷ್ಟು ಕಾಯಿಸಿದರೆ ಆ ಹದ ಹೋಯಿತು. ಕಾದ ಸುತ್ತು ಮಾಮೂಲಿ ಕಬ್ಬಿಣದಂತೆ ಮೆತ್ತಗಾಗಿ ದಿನದಿನಕ್ಕೆ ಕುಸಿಯುತ್ತದೆ. ಬೇಗ ಆರಲಿ ಎಂದು ಅದಕ್ಕೆ ನೀರು ಎರಚಿದ್ದರೆ ಇನ್ನೂ ಕೆಟ್ಟದ್ದು, ಗಾಜಿನಂತೆ ಪೆಡಸಾಗಿ ಒಂದು ದಿನ ಗುಂಡಿಯಲ್ಲಿ ಪಟ್ಟೆಂದು ಮುರಿಯುತ್ತದೆ. ಹೊಸ ಜೋಡಿ ಬರುವವರೆಗೆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಕಾಯಿಸಿದ ಸ್ಪ್ರಿಂಗನ್ನು ಗುರುತು ಹಿಡಿಯುವುದು ಸುಲಭ: ಎರಡು ಮೂರು ಸುತ್ತುಗಳ ನಡುವಿನ ಅಂತರ ಮಾತ್ರ ಉಳಿದವಕ್ಕಿಂತ ಕಿರಿದಾಗಿ, ಅಲ್ಲಿ ಬಣ್ಣ ಸುಟ್ಟು ಹೊಪ್ಪಳೆ ಎದ್ದಿರುತ್ತದೆ. ಹಳೆ ಗಾಡಿ ಕೊಳ್ಳುವವರು ಟಾರ್ಚ್ ಹಿಡಿದು ಇದನ್ನು ನೋಡಿಕೊಳ್ಳಿ.

ಎರಡು ಸುತ್ತನ್ನು ಕ್ಲಾಂಪ್ ಹಾಕಿ ಒಟ್ಟಿಗೆ ಬಿಗಿಯುವ ಉಪಾಯವನ್ನೂ ಒಬ್ಬರು ಕೇಳಿದ್ದಾರೆ. ಒಂದು ಕ್ಲಾಂಪ್ ಸಡಿಲಾದರೆ ಗಾಡಿ ಓಡುತ್ತಿರುವಾಗಲೇ ಒಂದು ಮಗ್ಗುಲು ಎದ್ದು ನಿಲ್ಲುತ್ತದೆ. ಬೇಡ.

ಪ್ರಶ್ನೆ: ಮಾರುತಿ 800ರ ಮುಂದಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆಸಿದೆ. ನೋಡಲು ಚೆನ್ನಾಗಿದೆ. ಆದರೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟಣ್ ಎನ್ನುತ್ತದೆ, ಹಂಪ್ ಇಳಿಯುವಾಗ ಎರಡು ಸಲ ಸದ್ದು. ಬೇರಿಂಗ್ ಬದಲಿಸಿದರೂ ಹೋಗಲಿಲ್ಲ. (ಮಂಗಳೂರಿನ ಓದುಗರು)

ಬೇರಿಂಗಿನದಲ್ಲ, ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲಾಗಿದೆ. ಈ ಗಾಡಿಗೆ ಮುಂದೆ ಇರುವುದು ಸ್ಟ್ರಟ್. ಶಾಕಪ್ಪಿನ ಸುತ್ತಲೇ ಸ್ಪ್ರಿಂಗ್, ಮೇಲೆ ಒಂದು ತಟ್ಟೆ, ನಡುವೆ ಒಂದು ನಟ್. ಕಾರ್ಖಾನೆಯಿಂದ ಬಂದ ಸ್ಪ್ರಿಂಗ್ ಚಕ್ರ ಪೂರ್ತಿ ನೇತಾಡಿದಾಗಲೂ ತಟ್ಟೆಗಳ ನಡುವೆ ಅದುಮಿಕೊಂಡೇ ಇರುತ್ತದೆ. ಸುತ್ತು ತೆಗೆದಾಗ ಬಿಡಿ ಉದ್ದ ಕಡಿಮೆಯಾಗುತ್ತದೆ, ಶಾಕಪ್ಪಿನ ರಾಡ್ ಮಾತ್ರ ಮೊದಲಿನಷ್ಟೇ ಉದ್ದಕ್ಕೆ ಚಾಚುತ್ತದೆ. ಹಂಪ್ ಇಳಿಯುವಾಗ ಚಕ್ರ ಕೆಳಗೆ ಜೋಲುತ್ತದೆ, ಸ್ಪ್ರಿಂಗ್ ಕ್ಷಣಕಾಲ ಬಿಡುವಾಗಿ ಮತ್ತೆ ಕೂರುತ್ತದೆ. ಎರಡನೇ ಸದ್ದು ಅದು.

ಪರೀಕ್ಷೆ ಸುಲಭ. ಮುಂದೆ ಜಾಕ್ ಕೊಟ್ಟು ಚಕ್ರ ನೇತಾಡಲು ಬಿಡಿ, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಆ ಗಾಡಿಯನ್ನು ಓಡಿಸಬಾರದು. ಜೋರಾಗಿ ಹಂಪ್ ಹಾರಿದಾಗ ಸ್ಪ್ರಿಂಗಿನ ತುದಿ ಬಟ್ಟಲಿನ ಮೆಟ್ಟಿಲಿಂದ ಜಾರಿ ಹೊರಬಂದರೆ ಟೈರಿಗೇ ಚುಚ್ಚುವಷ್ಟು ಹತ್ತಿರದಲ್ಲಿದೆ. ತಿರುಗದಿದ್ದರೆ ತುದಿ ಮೆಟ್ಟಿಲಿಗೆ ತಾಗಿದೆಯೇ, ಒಂದೆರಡು ಬೆರಳು ದೂರ ಸರಿದಿದೆಯೇ ನೋಡಿ. ಸರಿದಿದ್ದರೆ ಸ್ಟೀರಿಂಗ್ ತಿರುಗಿದಾಗ ಸ್ಪ್ರಿಂಗ್ ತಿರುಚಿಕೊಂಡು, ಮತ್ತೆ ಸರಕ್ಕನೆ ಬಿಡುವ ಸದ್ದೇ ಆ ‘ಟಣ್’.

ಪರಿಹಾರವೆಂದರೆ ಕತ್ತರಿಸದ ಸ್ಪ್ರಿಂಗನ್ನು ವಾಪಸ್ ಹಾಕುವುದು. ಇನ್ನೊಂದು, ಸ್ಟ್ರಟ್ಟಿಗೆ ಹೊಂದುವಂತೆ ಗಿಡ್ಡವಾಗಿಯೇ ಸುತ್ತಿದ ಸ್ಪ್ರಿಂಗನ್ನು ಅದಕ್ಕೆ ತಕ್ಕ ಗಿಡ್ಡ ಶಾಕಪ್ ಜೊತೆಗೆ ಹಾಕುವುದು. ಸ್ಟ್ರಟ್ಟಿನಲ್ಲಿ ಸ್ಪ್ರಿಂಗ್ ಇಳಿದಷ್ಟೇ ಗಾಡಿ ಇಳಿಯುತ್ತದೆ, ಪದ್ಮಿನಿಯಂತೆ ಗುಣಿಸಿಕೊಳ್ಳುವುದಿಲ್ಲ. ಆದ್ದರಿಂದಲೇ ಹೆಚ್ಚು ಕತ್ತರಿಸುವ ಚಪಲ. ಇದರಲ್ಲಿ ಇನ್ನೊಂದು ಮೋಸವೂ ಇದೆ. ಸ್ಟ್ರಟ್ ಗಾಡಿ ತೀರಾ ತಗ್ಗಿದಾಗ ಲೋವರ್ ಆರ್ಮ್ ಹೊರತುದಿ ಮೇಲಾಗಿ ಓರೆಯಾಗುತ್ತದೆ. ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಗಾಡಿ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಸ್ಪ್ರಿಂಗ್ ಗಡಸಾಗಿದ್ದರೂ ತಿರುವಿನಲ್ಲಿ ಗಾಡಿ ವಾಲುವುದು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಆರ್ಮ್ ನೆಲಕ್ಕೆ ಸಮನಾಗಿರುವವರೆಗೆ ಇಳಿಸಿ, ಅದರಾಚೆ ಬೇಡ.

ನೀವೇ ಬಿಚ್ಚುವುದಾದರೆ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಸಡಿಲಾಗುವ ಮೊದಲು ಮೇಲಿನ ನಡು ನಟ್ಟನ್ನು ಮುಟ್ಟಬೇಡಿ.

ಪ್ರಶ್ನೆ: ಪದ್ಮಿನಿಯ ಮುಂದೆ ಮಾತ್ರ ಒಂದೂವರೆ ಇಂಚು ಇಳಿಸಿದ್ದೇವೆ. ಮೂರು ಸಾವಿರ ಕಿಲೋಮೀಟರಿಗೆ ಟೈರಿನ ಒಳ ಅಂಚು ತಿಂದುಹೋಯಿತು. ಎಂಬತ್ತು ದಾಟಿದರೆ ಸ್ಟೀರಿಂಗ್ ಅತ್ತಿತ್ತ ಅಲೆಯುತ್ತದೆ. (ದಾವಣಗೆರೆಯ ಓದುಗರು)

ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದಂತಿಲ್ಲ. ಗಾಡಿ ಇಳಿದಾಗ ಆರ್ಮುಗಳು ಒಂದು ಕಮಾನಿನಲ್ಲಿ ಮೇಲೇರುತ್ತವೆ, ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಸರಳು) ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಒಳ ಅಂಚು ಸವೆದಿದೆ ಎಂದರೆ ಮುಂಭಾಗ ಹೊರಕ್ಕೆ ತಿರುಗಿದೆ, ಚಕ್ರದ ತಲೆಯೂ ಒಳಕ್ಕೆ ವಾಲಿರಬೇಕು. ಬೇಗ ತಿನ್ನುವುದು ಮೊದಲನೆಯದು. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತರಚಿದರೆ ಅದು ದಿಕ್ಕಿನ ತಪ್ಪು. ಬರೀ ಒಳಪಕ್ಕ ನುಣ್ಣಗೆ ಸವೆದಿದ್ದರೆ ವಾಲಿದ ತಪ್ಪು.

ಅಲೆದಾಟಕ್ಕೆ ಕಾರಣ ಬೇರೆ. ಪದ್ಮಿನಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,340 ಮಿಲಿಮೀಟರ್. ಮುಂದೆ ಮಾತ್ರ 38 ಇಳಿದರೆ ಇಡೀ ಗಾಡಿ ಮುಂದಕ್ಕೆ 0.9 ಡಿಗ್ರಿ ಬಾಗಿತು. ಸ್ಟೀರಿಂಗಿನ ಕೀಲು ಹಿಂದಕ್ಕೆ ಒರಗಿರುವ ಕೋನ, ಅಂದರೆ ಕ್ಯಾಸ್ಟರ್, ಅಷ್ಟೇ ಕಡಿಮೆಯಾಯಿತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು, ವೇಗದಲ್ಲಿ ಗಾಡಿ ಗೆರೆ ಬಿಡದೆ ಓಡುವುದು ಆ ಕೋನದಿಂದ. ಅಲೈನ್‌ಮೆಂಟ್ ಅಂಗಡಿಯಲ್ಲಿ ಬರೀ ಮುಂದಿನ ದಿಕ್ಕನ್ನು ಸರಿಮಾಡಿ ಕಳಿಸಲು ಬಿಡಬೇಡಿ, ಕ್ಯಾಸ್ಟರ್ ಅಳೆದ ಅಂಕಿ ಬರೆಸಿಕೊಳ್ಳಿ. ಹಿಂದೆಯೂ 15ರಿಂದ 20 ಮಿಲಿಮೀಟರ್ ಇಳಿಸಿದರೆ ಕಳೆದುಕೊಂಡ ಕೋನದ ಅರ್ಧದಷ್ಟು ವಾಪಸ್ ಬರುತ್ತದೆ. ಅಲೈನ್‌ಮೆಂಟಿಗೆ ಮೊದಲು ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು), ಟೈ ರಾಡ್ ತುದಿ, ಸ್ಟೀರಿಂಗ್ ಬಾಕ್ಸಿನ ಆಟ ನೋಡಿಸಿ. ಸವೆದ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ಅಂಗಡಿಯ ಗೇಟು ದಾಟುವವರೆಗೆ ಮಾತ್ರ.

ಹೆಡ್‌ಲೈಟೂ ಅದೇ 0.9 ಡಿಗ್ರಿ ಕೆಳಗೆ ನೋಡುತ್ತಿದೆ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಸುಮಾರು 16 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತದೆ. ರಾತ್ರಿ ಪ್ರಯಾಣಕ್ಕೆ ಮೊದಲು ಸರಿಪಡಿಸಿ.

ಪ್ರಶ್ನೆ: ಅಂಬಾಸಿಡರ್ ಮುಂದೆ ಯಾವ ಸುತ್ತು ಕತ್ತರಿಸಬೇಕು? (ಶಿವಮೊಗ್ಗದ ಓದುಗರು)

ಕತ್ತರಿಸಲು ಸುತ್ತೇ ಇಲ್ಲ. ಅದರ ಮುಂದೆ ಇರುವುದು ಟಾರ್ಷನ್ ಬಾರ್, ನೆಲದಡಿಯಲ್ಲಿ ಉದ್ದಕ್ಕೆ ಮಲಗಿರುವ, ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. ಎತ್ತರ ಬದಲಿಸುವುದು ಹಿಂದಿನ ತುದಿಯ ಹಲ್ಲುಗಳಲ್ಲಿ ಸರಳು ಕೂತಿರುವ ಜಾಗ ಸರಿಸಿ. ಬಿಚ್ಚುವ ಮೊದಲು ಸರಳಿಗೂ ಅದರ ಹಿಡಿಕೆಗೂ ಸೇರಿಸಿ ಪಂಚ್ ಗುರುತು ಹಾಕಿ, ಎಡಬಲದ ಸರಳು ಅದಲುಬದಲಾಗದಂತೆ ಬೇರೆ ಬೇರೆ ಇಡಿ. ಒಂದು ದಿಕ್ಕಿಗೆ ತಿರುಚಿ ಪಳಗಿದ ಸರಳನ್ನು ಇನ್ನೊಂದು ದಿಕ್ಕಿಗೆ ತಿರುಚಿದರೆ ಮುರಿಯುತ್ತದೆ. ಸರಳಿನ ಮೈಗೆ ಪೈಪ್ ರೆಂಚ್ ಹಾಕಬೇಡಿ, ಅದರ ಹಲ್ಲಿನ ಗೀರೇ ಮುಂದೆ ಬಿರುಕಾಗುತ್ತದೆ. ಈ ಕ್ರಮದಲ್ಲಿ ಎತ್ತರ ಇಳಿದರೂ ಸ್ಪ್ರಿಂಗ್ ಗಡಸಾಗುವುದಿಲ್ಲ. ಹಾಗಾಗಿ ಬಂಪ್ ಸ್ಟಾಪಿಗೆ ಬಡಿಯುವುದು ಪದ್ಮಿನಿಗಿಂತ ಬೇಗ ಶುರುವಾಗುತ್ತದೆ. 20 ಮಿಲಿಮೀಟರಿಗಿಂತ ಹೆಚ್ಚು ಇಳಿಸಬೇಡಿ ಎನ್ನುತ್ತೇವೆ.

ಪ್ರಶ್ನೆ: ನನ್ನ ಗಾಡಿ 1974ರದ್ದು. ಸ್ಪ್ರಿಂಗ್ ಕತ್ತರಿಸಿದರೆ ಆರ್‌ಟಿಒ ತಕರಾರು ಮಾಡುತ್ತಾರೆಯೇ? (ಬೆಂಗಳೂರಿನ ಓದುಗರು)

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ತಪಾಸಣೆ ಇದ್ದೇ ಇದೆ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಕಾರುಗಳನ್ನು ವಿಂಟೇಜ್ ಎಂದು ‘ವಿಎ’ ಅಕ್ಷರಗಳ ನಂಬರಿನಲ್ಲಿ ನೋಂದಾಯಿಸಬಹುದು. ನಿಮ್ಮ ಗಾಡಿ ಆ ವಯಸ್ಸಿಗೆ ಬಂದಿದೆ. ಆ ನೋಂದಣಿಯ ಯೋಚನೆ ಇದ್ದರೆ ಮೂಲ ಸ್ಪ್ರಿಂಗನ್ನು ಕತ್ತರಿಸಲೇಬೇಡಿ. ಆಗಲೇ ಬೇರೆ ಜೋಡಿ ಹಾಕಿಸಿಕೊಂಡಿದ್ದರೆ ಹಳೆಯದಕ್ಕೆ ಗ್ರೀಸ್ ಬಳಿದು, ಎಡ ಬಲ ಎಂದು ಚೀಟಿ ಕಟ್ಟಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ.